ನಲವತ್ತೊಂದು ಸನ್ನೆಗಳು

ಮೈದಾನದಂಚಿನಲ್ಲಿ ನಿಂತು ಸನ್ನೆ ಮಾಡುವ ಮೂವರಲ್ಲಿ ಇಬ್ಬರದು ಎದುರಾಳಿಗಳ ದಾರಿ ತಪ್ಪಿಸುವ ಬರೀ ನಾಟಕ. ಹಳದಿ ಟೋಪಿಯವನ ಸನ್ನೆಯೇ ಅಸಲಿ. ಇಷ್ಟು ಪತ್ತೆಹಚ್ಚುವಷ್ಟರಲ್ಲಿ ಕೋಲ್ಟನ್ ವ್ರೀಲಂಡ್‌ಗೆ ಎರಡು ದಿನ ಕಳೆದಿತ್ತು.

ಇಪ್ಪತ್ತು ಸಾವಿರ ಜನ ಅರಚುವ ಅಮೆರಿಕನ್ ಫುಟ್‌ಬಾಲ್ ಮೈದಾನದಲ್ಲಿ ಮಾತು ಯಾರಿಗೆ ಕೇಳಿಸೀತು? ಮುಂದಿನ ನಡೆ ಯಾವುದೆಂದು ಆಟಗಾರರಿಗೆ ಅಂಚಿನಿಂದ ಕೈಸನ್ನೆಯಲ್ಲೇ ಹೇಳಬೇಕು. ಕೋಲ್ಟನ್ ತನ್ನ ಕಾಲೇಜಿನ ವಿಡಿಯೊ ಕೋಣೆಗೆ ಚಿಲಕ ಹಾಕಿ, ಹಳೆಯ ಪಂದ್ಯಗಳ ಟಿವಿ ಪ್ರಸಾರವನ್ನು ಹಿಂದೆಮುಂದೆ ಓಡಿಸುತ್ತ ಬರೆದುಕೊಂಡ. ಕಿವಿ ಎಳೆದುಕೊಂಡರೆ ಎಡಕ್ಕೆ ಓಟ. ಹೊಟ್ಟೆ ಸವರಿದರೆ ದೂರದ ಎಸೆತ.

ಶನಿವಾರ ಬ್ರಾಂಡರ್ಸ್‌ವಿಲ್ ತಂಡದೆದುರು ಪಂದ್ಯ; ಅಷ್ಟರೊಳಗೆ ಎಲ್ಲ ಬಾಯಿಪಾಠವಾಗಲೇಬೇಕಿತ್ತು. ನಾಲ್ಕು ವರ್ಷ ಆಡದೆ ಬೆಂಚು ಬಿಸಿ ಮಾಡಿದವನಿಗೆ ಮೊದಲ ಸಲ, ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗ ಸಿಕ್ಕಿತ್ತು. ಅವನಿಗಿಂತ ಮುಂದಿದ್ದ ಇಬ್ಬರ ಮೊಣಕಾಲೂ ಕೈಕೊಟ್ಟಿದ್ದವು. ಹುಟ್ಟೂರು ಡುಬ್ಯೂಕ್‌ನಿಂದ ಅಜ್ಜಿ ಸಮೇತ ಮನೆಯ ಹನ್ನೊಂದು ಜನ ಬರುವವರಿದ್ದರು. ಎಡವಟ್ಟಾದರೆ ಅವರೆದುರೇ ಮಾನ ಹರಾಜು.

ಯಾರೋ ಬಾಗಿಲು ದಡದಡ ಬಡಿದರು. ಪರದೆ ಆರಿಸಿ ತೆರೆದರೆ ರೂಮ್‌ಮೇಟ್ ಡಾರ್ನೆಲ್. ಪಾದ್ರಿಯ ಮಗ. ಕಣ್ಣು ನೇರ ನೋಟ್‌ಬುಕ್ ಮೇಲೆ ಬಿತ್ತು.

"ಥೂ ನಿನ್ನ! ಎದುರಾಳಿಗಳ ಸನ್ನೆ ಕದೀತಿದ್ದೀಯಾ? ಇದು ಮೋಸ ಕಣೋ."

"ಟಿವೀಲಿ ಊರಿಗೆಲ್ಲಾ ಕಾಣೋದನ್ನ ನೋಡಿದ್ರೆ ಅದ್ಹೇಗೋ ಮೋಸ ಆಗುತ್ತೆ?"

"ಮತ್ತೆ ಚಿಲಕ ಯಾಕೆ ಹಾಕ್ಕೊಂಡಿದ್ದೆ?"

ಕೋಲ್ಟನ್ ನೋಟ್‌ಬುಕ್ ಬೆನ್ನ ಹಿಂದೆ ಸರಿಸಿದ. "ದಮ್ಮಯ್ಯ ಅಂತೀನಿ, ಕೋಚ್‌ಗೆ ಮಾತ್ರ ಹೇಳ್ಬೇಡ್ವೋ."

ಡಾರ್ನೆಲ್ ಸೀದಾ ಹೋಗಿ ಹೇಳಿದ. ಹತ್ತು ನಿಮಿಷದಲ್ಲಿ ಕೋಚ್ ಹಾಲ್ವರ್ಸನ್ ಹಾಜರು. ಸೋಮವಾರವಷ್ಟೇ ಪ್ರಾಮಾಣಿಕತೆಯ ಬಗ್ಗೆ ಒಂದು ಗಂಟೆ ಕೊರೆದಿದ್ದ ಮಹಾನುಭಾವ. ಒಳಗೆ ಬಂದವನೇ ತಾನೇ ಚಿಲಕ ಹಾಕಿದ.

"ಎಷ್ಟು ಸಿಕ್ತು?"

"ನಲವತ್ತೊಂದು, ಸರ್. ತಪ್ಪಾಯ್ತು."

"ತಪ್ಪಾ? ಅವರ ಮೈದಾನಕ್ಕೇ ನುಗ್ಗಿ ಕದ್ದು ವಿಡಿಯೊ ಮಾಡಿದ್ರೆ ಮೋಸ. ಕೂತಲ್ಲೇ ಟಿವಿ ನೋಡಿದ್ರೆ ಅದು ಅಭ್ಯಾಸ ಕಣಯ್ಯಾ! ಬ್ರಾಂಡರ್ಸ್‌ವಿಲ್‌ನೋರ ಕಥೆ ಮುಗೀತು ಈ ಸಲ. ಕೊಡಿಲ್ಲಿ."

"ಸರ್, ಅದು..."

ಕೋಚ್ ನೋಟ್‌ಬುಕ್ ಕಿತ್ತುಕೊಂಡ. ಮೊದಲ ಪುಟಕ್ಕೆ ಮುಗುಳ್ನಕ್ಕ. ಎರಡನೆಯದಕ್ಕೆ ಹುಬ್ಬು ಗಂಟಿಕ್ಕಿದ. ಮೂರನೆಯದಕ್ಕೆ ಕುರ್ಚಿ ಹುಡುಕಿ ಕುಸಿದ.

"ಲೋ, ಇವೆಲ್ಲಾ ನಮ್ಮ ತಂಡದ್ದೇ ಸನ್ನೆಗಳಲ್ವೇನೋ!"

"ಹೌದು ಸರ್, ಕಲ್ತೇ ಇರ್ಲಿಲ್ಲ," ಕೋಲ್ಟನ್ ನೆಲ ನೋಡುತ್ತ ಹೇಳಿದ, "ನನ್ನನ್ನೂ ಒಂದಿನ ಆಡಿಸ್ತೀರಾ ಅಂತ ಯಾರಿಗ್ಗೊತ್ತಿತ್ತು?"