ಹನ್ನೆರಡಕ್ಕೆ ಹನ್ನೆರಡು

“ಇವತ್ತು ಕೂಟ ಇಲ್ಲ ಅಂತ ನೀನೇ ತಾನೇ ಹೇಳಿದ್ದು? ಒಂದು ಸಲ ಅಲ್ಲ, ಎರಡು ಸಲ.”

ರೂಮ್‌ಮೇಟ್ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೂಟದ ಕಾರ್ಯದರ್ಶಿ ಹಾಜರಿ ಪುಸ್ತಕವನ್ನು ಎದೆಗೆ ಅವಚಿಕೊಂಡಳು.

“ನಿದ್ದೆ ಹೊಡೆದು ನನ್ನ ಮೇಲೆ ಗೂಬೆ ಕೂರಿಸಬೇಡ ಕಣೇ.”

“ಸರ್ ಹತ್ರ ಹೇಳ್ತೀನಿ.”

“ಹೇಳು. ಯಾರು ಕೇಳಿಸಿಕೊಂಡಿದ್ದಾರೆ ಅಂತ ಕೇಳ್ತಾರೆ.”

ವಿಶ್ವವಿದ್ಯಾಲಯದ ಭಾಷಾ ಕೂಟದಲ್ಲಿ ಹನ್ನೆರಡು ವಾರ ತಪ್ಪದೆ ಕುಳಿತವರಿಗೆ ಮಾತ್ರ ಹೊರದೇಶದಲ್ಲಿ ಒಂದು ವರ್ಷ ಓದುವ ಅವಕಾಶ. ಸೀಟು ಒಂದೇ. ರೂಮ್‌ಮೇಟ್‌ಗೆ ಪರಭಾಷೆ ಎಂದರೆ ನೀರು ಕುಡಿದಷ್ಟು ಸುಲಭ. ಆದರೇನು, ಅವಳ ಹಾಜರಿ ಕೊನೆಗೆ ಹತ್ತಕ್ಕೇ ನಿಂತಿತು. ಕಾರ್ಯದರ್ಶಿಯದು ಹನ್ನೆರಡಕ್ಕೆ ಹನ್ನೆರಡು. ಚುರುಕಾದವರಿಗೆ ಗಡಿಯಾರ ಎಂದರೆ ಯಾವಾಗಲೂ ಸದರ.

ಎರಡು ವರ್ಷ ಒಂದೇ ಬಕೆಟ್ ಹಂಚಿಕೊಂಡವರು ಈಗ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಒಬ್ಬಳು ದೀಪ ಹಾಕಿದರೆ ಇನ್ನೊಬ್ಬಳು ಆರಿಸುತ್ತಿದ್ದಳು. ಸ್ನಾನಕ್ಕೆ ಹೋದರೆ ಹೊರಗಿನಿಂದ ಚಿಲಕ ಬೀಳುತ್ತಿತ್ತು. ಹಾಸ್ಟೆಲಿನಲ್ಲಿ ಹುಡುಗಿಯರು ಎರಡು ಬಣವಾದರು. ಕಾರ್ಯದರ್ಶಿಯನ್ನು ಕಂಡರೆ ಅರ್ಧ ಊಟದ ಮೇಜು ಖಾಲಿಯಾಗುತ್ತಿತ್ತು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಮನಸ್ಸು ಬಿಚ್ಚಿ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಇದ್ದವನು ಒಬ್ಬನೇ, ಕೂಟದಲ್ಲಿ ಅವಳಿಗೆ ಜೋಡಿಯಾಗಿ ಸಿಕ್ಕ ಪರದೇಶದ ಅತಿಥಿ. ಗ್ರಂಥಾಲಯದ ನೆಲಮಹಡಿಯಲ್ಲಿ ಎದುರುಬದುರು ಪ್ಲಾಸ್ಟಿಕ್ ಕುರ್ಚಿ. ಅರ್ಧ ಗಂಟೆ ಅವನ ಭಾಷೆ, ಅರ್ಧ ಗಂಟೆ ನಮ್ಮ ಭಾಷೆ. ಅನುವಾದ ಮಾಡುವಂತಿಲ್ಲ. ಮೊದಲು ಕಿವಿ, ಆಮೇಲೆ ಬಾಯಿ, ಅರ್ಥ ಕೊನೆಗೆ ಎಂಬುದು ಕೂಟ ನಡೆಸುವ ಪ್ರೊಫೆಸರರ ಪದ್ಧತಿ. ಅವರು ಕೈ ಹಿಂದೆ ಕಟ್ಟಿಕೊಂಡು ಸುತ್ತುತ್ತ, “ನಿಧಾನ, ಬಿಡಿಸಿ ಹೇಳಮ್ಮ. ಮುಖದಲ್ಲಿ ನಗು ಇರಲಿ” ಎನ್ನುತ್ತಿದ್ದರು.

ಅತಿಥಿಗೆ ಬರುತ್ತಿದ್ದ ಪದ ಎರಡೇ: ‘ಇನ್ನೊಮ್ಮೆ’, ‘ಧನ್ಯವಾದ’. ಕೇಳಿದ್ದನ್ನೆಲ್ಲ ತನ್ನ ಲಿಪಿಯಲ್ಲಿ ಗೀಚಿಕೊಳ್ಳುತ್ತಿದ್ದ. ಒಂದು ದಿನ ಅವನ ಕಣ್ಣಿನಲ್ಲಿ ಏನೋ ಮಿಂಚಿದ್ದು ಕಂಡು, ಇವನಿಗೆ ಅರ್ಥವಾಗುತ್ತಿದೆಯೇನೋ ಎಂದು ಕಾರ್ಯದರ್ಶಿಗೆ ಅನುಮಾನ ಬಂತು. ಪರೀಕ್ಷಿಸಿಯೇ ಬಿಡೋಣವೆಂದು ನಗುನಗುತ್ತ, “ನಿನ್ನ ಮುಖ ನೋಡಿದರೆ ನನಗೆ ಊಟ ಸೇರಲ್ಲ” ಎಂದಳು.

ಅವನು ತಲೆಬಾಗಿಸಿ, “ಧನ್ಯವಾದ” ಎಂದ.

ಅವಳಿಗೆ ಹಾಯೆನಿಸಿತು. ಅಂದಿನಿಂದ ಆ ಅರ್ಧ ಗಂಟೆಗಾಗಿಯೇ ಅವಳು ವಾರವಿಡೀ ಕಾಯತೊಡಗಿದಳು. ಬಾಯಿಗೆ ಬಂದದ್ದನ್ನು ನಿಧಾನವಾಗಿ, ಬಿಡಿಸಿ, ನಗುತ್ತ ಹೇಳುತ್ತಿದ್ದಳು. ಅವನು ಇನ್ನೊಮ್ಮೆ ಎಂದರೆ ಇನ್ನೊಮ್ಮೆ. ಹಾಸ್ಟೆಲಿಗೆ ಮರಳುವಾಗ ಅವಳ ಮನಸ್ಸು ಹಗುರಾಗಿರುತ್ತಿತ್ತು.

ಸಮಾರೋಪದ ಮಧ್ಯಾಹ್ನ ಸಭಾಂಗಣ ತುಂಬಿತ್ತು. ಹೆಸರು ಪ್ರಕಟವಾಗುವ ಮೊದಲೇ ರೂಮ್‌ಮೇಟ್ ಹಿಂದಿನ ಸಾಲಿನಲ್ಲಿ ಎದ್ದು ನಿಂತಳು.

“ಸರ್, ನಾನು ಬೇಕಂತ ತಪ್ಪಿಸಿಕೊಂಡಿಲ್ಲ. ಕಾರ್ಯದರ್ಶಿ ಮೋಸ ಮಾಡಿದ್ದಾಳೆ.”

“ಸಾಕ್ಷಿ ಏನಮ್ಮ?”

“ರೂಮಲ್ಲಿ ನಾವಿಬ್ಬರೇ ಇದ್ದಿದ್ದು ಸರ್.”

“ಸಾಕ್ಷಿ ಇಲ್ಲದೆ ಇನ್ನೊಬ್ಬರ ಹೆಸರು ಕೆಡಿಸಬಾರದು. ಕೂತ್ಕೊ.”

ಯಾರೋ ಕಿಸಕ್ಕೆಂದು ನಕ್ಕರು. ರೂಮ್‌ಮೇಟ್ ಕೂರಲಿಲ್ಲ, ಬಾಗಿಲ ಕಡೆ ನಡೆದಳು. ಕಾರ್ಯದರ್ಶಿಗೆ ಆ ಬೆನ್ನು ನೋಡಿ ಹೊಟ್ಟೆ ತಣ್ಣಗಾಯಿತು. ಪ್ರೊಫೆಸರ್ ಕಾರ್ಯದರ್ಶಿಯ ಹೆಸರಿನ ಆಯ್ಕೆ ಪತ್ರಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ಅಷ್ಟರಲ್ಲಿ ಅತಿಥಿ ಕೈಯೆತ್ತಿ ತನ್ನ ಭಾಷೆಯಲ್ಲಿ ಏನೋ ಕೇಳಿಕೊಂಡ.

ಪ್ರೊಫೆಸರರ ಮುಖ ಅರಳಿತು. “ಕೇಳಿ ಎಲ್ಲರೂ. ನಮ್ಮ ಕಾರ್ಯದರ್ಶಿ ಇವನಿಗೆ ವಾರವಾರವೂ ಬಹಳ ಪ್ರೀತಿಯಿಂದ ಹೇಳಿಕೊಟ್ಟ ಮಾತಂತೆ. ಅರ್ಥ ಇನ್ನೂ ಗೊತ್ತಿಲ್ಲ, ಆದರೂ ಅವಳ ಗೌರವಕ್ಕೆ ಬಾಯಿಪಾಠ ಮಾಡಿದ್ದಾನೆ.”

ಅತಿಥಿ ಮೈಕಿನ ಮುಂದೆ ನೆಟ್ಟಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ, ನಗುತ್ತ ಹೇಳಿದ: “ಕೂಟ ಇಲ್ಲ ಅಂತ ಎರಡು ಸಲ ಸುಳ್ಳು ಹೇಳಿ ಅವಳನ್ನ ತಪ್ಪಿಸಿದ್ದು ನಾನೇ ಕಣೋ. ನಿನ್ನ ಹತ್ರ ಹೇಳಿದ್ರೆ ಏನು ಭಯ, ನಿನಗೇನೂ ಅರ್ಥ ಆಗಲ್ಲ.”