ದಾರದಜ್ಜಿಯ ಕೆಂಪು ಗೋಡೆ

ಕಪ್ಪು ಕನ್ನಡಕ ತೆಗೆದು ಸೊಸೆಯ ಕೈಗೆ ಕೊಟ್ಟು ದಾರದಜ್ಜಿ ಗೋಡೆಯ ಮುಂದೆ ನಿಂತರು. ನಡುಮನೆಯ ಬಿಳಿ ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಕೆಂಪು ಚೌಕಗಳಿದ್ದವು. ಎಡಗಡೆಯದು ದಾಳಿಂಬೆ ಕೆಂಪು, ಬಲಗಡೆಯದು ಮಾಣಿಕ್ಯ ಕೆಂಪು. ಬಣ್ಣದ ಡಬ್ಬಗಳ ಮೇಲೆ ಹಾಗೆ ಬರೆದಿತ್ತು. ಮಂಜು ನೋಡಿ ನೋಡಿ ಸಾಕಾಗಿದೆ, ಕಣ್ಣಿನ ಪೊರೆ ತೆಗೆಸಿದ ಮೇಲೆ ಮನೆಯಲ್ಲಿ ಒಂದು ಗೋಡೆಯಾದರೂ ಒಳ್ಳೆ ಕೆಂಪಾಗಿರಲಿ ಎಂದು ಅಜ್ಜಿಯೇ ಆಸೆಪಟ್ಟಿದ್ದರು. ಯಾವ ಕೆಂಪು ಎನ್ನುವಲ್ಲಿ ಮಗನಿಗೂ ಸೊಸೆಗೂ ಜಟಾಪಟಿ ಶುರುವಾಗಿ, ತೀರ್ಮಾನವನ್ನು ಅಜ್ಜಿಯ ಹೊಸ ಕಣ್ಣಿಗೇ ಬಿಟ್ಟಿದ್ದರು.

ಬರೀ ಗೋಡೆಯ ತೀರ್ಮಾನವಾಗಿದ್ದರೆ ಯಾರೂ ಅಷ್ಟು ಉಸಿರು ಬಿಗಿಹಿಡಿಯುತ್ತಿರಲಿಲ್ಲ. ಬೀದಿಯ ತುದಿಯಲ್ಲಿ ಅಜ್ಜಿಯದೊಂದು ದಾರ-ಗುಂಡಿಗಳ ಪುಟ್ಟ ಅಂಗಡಿ. ಬಟ್ಟೆಯ ಚೂರು ತೋರಿಸಿದರೆ ಸಾಕು, ಅಷ್ಟೊಂದು ರೀಲುಗಳ ನಡುವೆ ಅದಕ್ಕೊಪ್ಪುವ ದಾರಕ್ಕೇ ಕೈ ಹಾಕುತ್ತಿದ್ದರು. ಕಣ್ಣು ಮಸುಕಾದ ಮೇಲೆ ನೀಲಿ ಕೇಳಿದವರಿಗೆ ಹಸಿರು ಹೋಯಿತು. ಗಿರಾಕಿಗಳು ಪಾಪ, ತುಟಿಪಿಟಕ್ಕೆನ್ನದೆ ತೆಗೆದುಕೊಂಡು ಹೋದರು. ಅದು ಗೊತ್ತಾದ ದಿನ ಅಜ್ಜಿ ತಾವೇ ಬಾಗಿಲೆಳೆದು ಕೀಲಿಯನ್ನು ಮಗನಿಗೆ ಕೊಟ್ಟಿದ್ದರು. "ಆಪರೇಷನ್ ಆದ್ಮೇಲೆ ಬಣ್ಣ ತಿಳಿದ್ರೆ ವಾಪಸ್ ಕೊಡು. ಇಲ್ಲದಿದ್ರೆ ಆ ಮೊಬೈಲ್ ರಿಪೇರಿ ಹುಡುಗ ಅಂಗಡಿ ಕೇಳ್ತಿದಾನಲ್ಲ, ಅವನಿಗೇ ಬಿಟ್ಕೊಡು." ಆ ಹುಡುಗ ಇವತ್ತು ಸಂಜೆ ಉತ್ತರ ಕೇಳಲು ಬರುವವನಿದ್ದ.

ಅಜ್ಜಿ ಕಿಟಕಿಯ ಪರದೆ ಸರಿಸಿದರು. ಬೆಳಕಿಗೆ ಹಿಡಿದು ನೋಡದೆ ಅವರು ಯಾರಿಗೂ ದಾರ ಕೊಟ್ಟವರಲ್ಲ. ಹತ್ತಿರ ಹೋದರು, ಹಿಂದೆ ಬಂದರು, ಸೆರಗಿನ ಅಂಚನ್ನು ಎರಡು ಚೌಕಕ್ಕೂ ಹಿಡಿದು ನೋಡಿದರು.

"ಎರಡೂ ಒಂದೇ," ಅಂದರು.

ಸೊಸೆ ಪರದೆಯನ್ನು ಇನ್ನಷ್ಟು ಸರಿಸಿದಳು.

"ಸರಿಯಾಗಿ ನೋಡಮ್ಮ," ಅಂದ ಮಗ. "ಬಲಗಡೇದು ಇಟ್ಟಿಗೆ ಥರ ಮಂಕಾಗಿದೆ. ಎಡಗಡೇದು ಎಷ್ಟು ಲಕಲಕ ಅಂತಿದೆ."

"ಲಕಲಕ ಅಲ್ಲ ಅತ್ತೆ, ಎಡಗಡೇದು ಕಿತ್ತಳೆ ಹೊಡೀತಿದೆ," ಅಂದಳು ಸೊಸೆ. ಮಗ ಕೈಗಡಿಯಾರ ರಿಪೇರಿ ಮಾಡುವವನು, ಸೊಸೆ ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಇಬ್ಬರಿಗೂ ತಮ್ಮ ಕಣ್ಣಿನ ಮೇಲೆ ಭಾರಿ ಭರವಸೆ.

"ಒಂದೇ ಅಂದ್ರೆ ಒಂದೇ ಕಣೋ. ನಿನ್ನ ಮೀಸೇಲಿ ಬಿಳಿ ಕೂದಲು ಬಂದಿರೋದು ಕಾಣ್ತಿದೆ. ಫ್ಯಾನಿನ ಮೇಲೆ ಧೂಳು ಕೂತಿರೋದೂ ಕಾಣ್ತಿದೆ." ಸೊಸೆ ತಲೆಯೆತ್ತಿ ಫ್ಯಾನು ನೋಡಿ ನಾಲಗೆ ಕಚ್ಚಿಕೊಂಡಳು. ಆದರೆ ಅಜ್ಜಿಯ ದನಿ ಅಷ್ಟರಲ್ಲೇ ಇಳಿದುಹೋಗಿತ್ತು. "ನಿಮಗೆಲ್ಲ ಬೇರೆ ಬೇರೆ ಕಾಣೋದು ನನಗೊಬ್ಬಳಿಗೆ ಒಂದೇ ಥರ ಕಾಣತ್ತೆ ಅಂದ್ರೆ, ಆಯ್ತು ಬಿಡು. ಆ ಹುಡುಗನಿಗೆ ಹೂಂ ಅಂದ್ಬಿಡು."

ಅವರು ಕುರ್ಚಿಯಲ್ಲಿ ಕೂತ ರೀತಿ ನೋಡಲಾರದೆ ಸೊಸೆ ಒಳಗೋಡಿದಳು. ಗೋಡೆಯ ಮೇಲೆ ತಿಳಿಯದಿದ್ದರೆ ಡಬ್ಬದಲ್ಲೇ ತೋರಿಸಿಬಿಡೋಣ ಎಂದುಕೊಂಡು ಎರಡು ಡಬ್ಬಗಳನ್ನೂ ಹೊತ್ತು ತಂದಳು. ದಾಳಿಂಬೆಯ ಮುಚ್ಚಳ ಸುಲಭವಾಗಿ ಎದ್ದು ಬಂತು. ಮಾಣಿಕ್ಯದ್ದು ಜಪ್ಪಯ್ಯ ಅಂದರೂ ಏಳಲಿಲ್ಲ. ಬಗ್ಗಿ ನೋಡಿದಳು. ಅಂಚಿನಲ್ಲಿ ಒಂದು ತೊಟ್ಟು ಬಣ್ಣವಿಲ್ಲ, ಒಂದು ಗೀರಿಲ್ಲ. ಅಂಗಡಿಯವನು ಒತ್ತಿ ಕೊಟ್ಟ ಮುಚ್ಚಳ ಹಾಗೇ ಇದೆ.

"ರೀ, ಇದನ್ನ ನೀವು ತೆಗೆದೇ ಇಲ್ವಲ್ರೀ."

"ತೆಗೀದೆ ಏನು? ಎಡಗಡೆ ಹಚ್ಚಿದೆ. ನೀನು ಕಾಫಿಗೆ ಕರೆದೆ. ಬ್ರಷ್ ತೊಳೆದಿಟ್ಟು ಬಂದೆ. ಕಾಫಿ ಕುಡಿದು ಹೋಗಿ..." ಅವನ ಮಾತು ಅಲ್ಲೇ ನಿಂತಿತು. ಕಾಫಿ ಕುಡಿದು ಹೋಗಿ, ಬಾಯಿ ತೆರೆದುಕೊಂಡಿದ್ದ ದಾಳಿಂಬೆ ಡಬ್ಬಕ್ಕೇ ಮತ್ತೆ ಬ್ರಷ್ ಅದ್ದಿದ್ದ.

ಅಲ್ಲ, ಒಂದೇ ಡಬ್ಬದ ಬಣ್ಣದಲ್ಲಿ ಒಬ್ಬನಿಗೆ ಇಟ್ಟಿಗೆ, ಇನ್ನೊಬ್ಬಳಿಗೆ ಕಿತ್ತಳೆ ಕಂಡಿತ್ತಲ್ಲ, ಅದಕ್ಕೇನು ಹೇಳುವುದು? ಅದೇ ಜಗಳದಲ್ಲಿ ಇಬ್ಬರೂ ಒಂದು ರಾತ್ರಿ ಮಾತು ಬಿಟ್ಟು ಮಲಗಿದ್ದರು. ಎದುರು ಮನೆಯವರನ್ನು ಕರೆತಂದು ಅಭಿಪ್ರಾಯ ಬೇರೆ ಕೇಳಿದ್ದರು. ಅವರೂ ಗಂಭೀರವಾಗಿ ತಲೆದೂಗಿ ಬಲಗಡೆಯದೇ ವಾಸಿ ಅಂದು ಹೋಗಿದ್ದರು. ಸೊಸೆ ನಗುತ್ತಾ ನಗುತ್ತಾ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಮಗ ಮೀಸೆ ತಿರುವಲೂ ಆಗದೆ ಗೋಡೆಯತ್ತ ನೋಡುತ್ತ ನಿಂತ.

ಅಜ್ಜಿ ನಗಲಿಲ್ಲ. "ಆ ಇನ್ನೊಂದನ್ನ ತೆಗಿ. ಪಕ್ಕದಲ್ಲೇ ಹಚ್ಚು," ಅಂದರು. ಮಗ ಸ್ಕ್ರೂಡ್ರೈವರಿನಿಂದ ಮುಚ್ಚಳ ಮೀಟಿ, ಮೂರನೆಯ ಚೌಕ ಬಳಿದ. ಬಣ್ಣ ಆರುವ ತನಕ ಅಜ್ಜಿ ಕುರ್ಚಿ ಬಿಟ್ಟೇಳಲಿಲ್ಲ. ಹಸಿ ಇದ್ದಾಗ ನೋಡಿ ಹೇಳುವುದು ಮೋಸವಂತೆ. ಆರಿದ ಮೇಲೆ ಎದ್ದು ಬಂದು ಮತ್ತೆ ಸೆರಗಿನ ಅಂಚು ಹಿಡಿದರು.

"ಇದು ಬೇರೆ," ಅಂದರು. "ಇದರೊಳಗೆ ಚೂರು ನೀಲಿ ಇದೆ. ನನ್ನ ಅಂಗಡೀಲಿ ಮೇಲಿನ ಸಾಲಲ್ಲಿ, ಕೊನೇಲಿ ಇಡ್ತಿದ್ನಲ್ಲ, ಆ ದಾರದ ಕೆಂಪು. ಗೋಡೆಗೆ ಇದೇ ಇರಲಿ." ಕಣ್ಣು ಒರೆಸಬೇಡಿ, ಡಾಕ್ಟರು ಬೈತಾರೆ ಎನ್ನುತ್ತಾ ಸೊಸೆ ಓಡಿಬಂದು ಅವರ ಕೈ ಹಿಡಿದುಕೊಂಡಳು. ತನ್ನ ದಾಳಿಂಬೆ ಸೋತಿದ್ದು ಮಗನಿಗೆ ನೆನಪೇ ಆಗಲಿಲ್ಲ. ಬೀರು ತೆಗೆದು ಅಂಗಡಿಯ ಕೀಲಿ ಹುಡುಕುತ್ತಿದ್ದ.

ಹೊತ್ತಿಗೆ ಸರಿಯಾಗಿ ಮೊಬೈಲ್ ರಿಪೇರಿ ಹುಡುಗ ಬಾಗಿಲಿಗೆ ಬಂದ. "ಅಂಗಡಿ ವಿಷಯ ಏನು ಮಾಡಿದ್ರಿ ಅಜ್ಜಿ?" ಎಂದು ಸಂಕೋಚದಿಂದ ಕೇಳಿದ.

ಅಜ್ಜಿ ಅವನ ನೀಲಿ ಅಂಗಿಯನ್ನೇ ನೋಡುತ್ತಿದ್ದರು.

"ಮೂರನೇ ಗುಂಡಿಗೆ ಹಸಿರು ದಾರ ಹಾಕಿದೆಯಲ್ಲೋ. ಅದು ನಾನು ಕೊಟ್ಟಿದ್ದೇ ಇರಬೇಕು. ನಾಳೆ ಬೆಳಿಗ್ಗೆ ಅಂಗಡಿಗೆ ಬಾ, ಸರಿಯಾದ್ದು ಕೊಡ್ತೀನಿ."