ತೊಡೆಯ ಮೇಲಿನ ಭರಣಿ

ಉಪ್ಪಿನಕಾಯಿ ಭರಣಿ ತೊಳೆಯುವಾಗ ಏಳುವ ಇಂಗು ಮೆಂತ್ಯದ ವಾಸನೆಗೆ ಇಂದಿಗೂ ನನ್ನ ಅಂಗೈ ಬೆವರುತ್ತದೆ.

ಹೈದರಾಬಾದಿನ ಹಿಮಾಯತ್‌ನಗರದ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ, ಹಳೇ ಪೇಪರಿನ ರಾಶಿ ಎತ್ತುತ್ತಿದ್ದ ಅಕ್ಕನ ಬೆರಳಿಗೆ ಹಾವು ಕಚ್ಚಿತು. ಅಜ್ಜಿ ತೊಳೆಯಲು ಇಟ್ಟಿದ್ದ ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿಯನ್ನು ಅದರ ಮೇಲೆ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿ ಎತ್ತಿ, ಬಾಯಿಗೆ ಹಳೇ ಸೀರೆಯ ತುಂಡು ಕಟ್ಟಿದಳು. “ಮೈತುಂಬ ಬಿಳಿ ಪಟ್ಟಿ ಅದಾವು, ಕಟ್ಟು ಹಾವ ಇರಬೇಕು, ವಿಷದ್ದು. ಡಾಕ್ಟರಗ ತೋರಸಪಾ,” ಎಂದಳು ಅಪ್ಪನಿಗೆ.

ಆಟೋದಲ್ಲಿ ಅಪ್ಪ ಅಕ್ಕನನ್ನು ಅವುಚಿಕೊಂಡು ಕೂತರು. ಭರಣಿ ಏಳು ವರ್ಷದ ನನ್ನ ತೊಡೆಗೆ ಬಂತು. “ಗಟ್ಟಿ ಹಿಡಕೋವಾ, ಬಟ್ಟಿ ಮ್ಯಾಲಿಂದ ಕೈ ತಗೀಬ್ಯಾಡ,” ಎಂದರು. ನಾನು ತೆಗೆಯಲಿಲ್ಲ. ಬಟ್ಟೆಯ ಕೆಳಗಿಂದ ಹಾವಿನ ಮೂತಿ ಆಗಾಗ ನನ್ನ ಅಂಗೈಯನ್ನು ತಿವಿಯುತ್ತಿತ್ತು.

ಡಾಕ್ಟರು ಭರಣಿಯನ್ನು ಬೆಳಕಿಗೆ ಹಿಡಿದು ನೋಡಿ, “ಭಯಂ ಲೇದು,” ಹೆದರುವಂಥದ್ದೇನಿಲ್ಲ, ಎಂದರು. ಕಟ್ಟು ಹಾವಿನ ಪಟ್ಟೆ ಬಾಲದ ಕಡೆ ಎದ್ದು ಕಾಣುತ್ತದೆ, ಇದರದು ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಾಸಿದೆ, ಇದು ವಿಷವಿಲ್ಲದ ತೋಳಹಾವು, ಆದರೂ ಹುಡುಗಿ ಸಂಜೆವರೆಗೆ ಇಲ್ಲೇ ಇರಲಿ ಎಂದು ತೆಲುಗಿನಲ್ಲಿ ಹೇಳಿದರು.

ಅಕ್ಕ ಅಳು ನಿಲ್ಲಿಸಿ ಬಿಸ್ಕೀಟು ಕೇಳಿದಳು. ಅಪ್ಪ ನಕ್ಕರು. ನಗುತ್ತಲೇ ಭರಣಿಯ ಬಾಯಿಗಿದ್ದ ಆ ತೆಳ್ಳನೆ ಬಟ್ಟೆಯನ್ನು ನೋಡಿದರು. ಆಮೇಲೆ ನನ್ನ ಎರಡೂ ಅಂಗೈಗಳನ್ನು ಬಿಡಿಸಿ, ಒಂದೊಂದೇ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಡಾಕ್ಟರು ಅಕ್ಕನ ಬೆರಳನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು.